ಹಡಗಿನೊಳಗೆ ತೇಲುವ ಶಾಫ್ಟು



ಕರೆಂಟಿನ ಮೀಟರು ಕೂರಿಸಿದ ಗೋಡೆಯ ಆಚೆ, ಹಿತ್ತಲಲ್ಲಿ, ಒಂದು ಸಣ್ಣ ಗುಂಡಿ ಇರುವುದನ್ನು ನೀವೂ ನೋಡಿರುತ್ತೀರಿ. ಇದ್ದಿಲು, ಉಪ್ಪು ತುಂಬಿ, ನಡುವೆ ಪೈಪೊಂದನ್ನು ಹುಗಿದು, ಅದಕ್ಕೆ ತಂತಿ ಬಿಗಿದಿರುತ್ತಾರೆ. ಏಪ್ರಿಲ್ ತಿಂಗಳ ಬಿಸಿಲಿಗೆ ಮಣ್ಣು ಒಣಗಿ, ಮಿಕ್ಸಿ ಮುಟ್ಟಿದರೆ ಜುಂ ಎನ್ನಲು ಶುರುವಾದರೆ, ಮನೆಯ ಹಿರಿಯರು ಹೇಳುವುದು ಒಂದೇ ಮಾತು: "ಅರ್ಥಿಂಗಿಗೆ ಎರಡು ಕೊಡ ನೀರು ಹಾಕು." ಚಿಕ್ಕವನಿದ್ದಾಗ ಆ ಕೆಲಸ ನನ್ನ ಪಾಲಿನದು. ಹೂವಿನ ಗಿಡಕ್ಕೆ ನೀರು ಹಾಕಿದಂತೆ ಹಾಕಿ ಬರುತ್ತಿದ್ದೆ. 'ಅರ್ಥ್' ಎಂಬ ಪದ ನನಗೆ 'ಅರ್ಥ' ಎಂದೇ ಕೇಳಿಸುತ್ತಿತ್ತು. ಅರ್ಥ ಮಾತ್ರ ಆಗಿರಲಿಲ್ಲ.

ಮನೆಗೆ ನೆಲವಿದೆ, ಗುಂಡಿ ತೋಡಬಹುದು. ನಡುಗಡಲಿನಲ್ಲಿರುವ ಹಡಗಿಗೆ? ಅದರ ಉಕ್ಕಿನ ಒಡಲೇ ಪೈಪು, ಸುತ್ತಲಿನ ಉಪ್ಪುನೀರೇ ಗುಂಡಿ. ಹಡಗಿನಲ್ಲಿರುವ ಪಂಪು, ಮೋಟಾರು, ಒಲೆ, ಕಂಬ ಯಾವುದೇ ಇರಲಿ, ಒಡಲಿಗೆ ಒಂದು ತಂತಿ ಬಿಗಿದರೆ ಕೆಲಸ ಮುಗಿಯಿತು. ಹಾಗೆ ಬಿಗಿಯಲಾಗದ್ದು ಒಂದಿದೆ. ಎಂಜಿನ್ನಿನಿಂದ ಹೊರಟು, ಹಿಂಭಾಗದಲ್ಲಿ ಒಡಲನ್ನು ಹಾದು, ನೀರಿನಲ್ಲಿ ಪ್ರೊಪೆಲ್ಲರನ್ನು ತಿರುಗಿಸುವ ಶಾಫ್ಟು. ಗೂಟಕ್ಕೆ ಕಟ್ಟಿದ ಕರು ಒಂದೇ ದಿಕ್ಕಿಗೆ ಸುತ್ತುತ್ತ ಹೋದರೆ ಹಗ್ಗವೆಲ್ಲ ಗೂಟಕ್ಕೆ ಸುತ್ತಿಕೊಂಡು ಕೊನೆಗೆ ಕರುವಿನ ಕತ್ತೇ ಸಿಕ್ಕಿಬೀಳುತ್ತದೆ. ನಿಮಿಷಕ್ಕೆ ನೂರು ಸಲ ತಿರುಗುವ ಶಾಫ್ಟಿಗೆ ತಂತಿ ಕಟ್ಟಿದರೆ ಆಗುವುದೂ ಅದೇ. ಚುಕ್ಕಾಣಿಗೆ ಈ ತಾಪತ್ರಯವಿಲ್ಲ. ಅದು ಎಡಕ್ಕೆ 35 ಡಿಗ್ರಿ, ಬಲಕ್ಕೆ 35 ಡಿಗ್ರಿ ಹೊರಳುತ್ತದೆ, ಅಷ್ಟೆ. ಕೊಂಚ ಸಡಿಲ ಬಿಟ್ಟು ಕೇಬಲು ಕಟ್ಟಿದರೆ ಸಾಕು.

ಈ ಶಾಫ್ಟಿಗೆ ಅರ್ಥ್ ಕೊಡುವುದನ್ನು ಮನುಷ್ಯ ಕಲಿತ ದಾರಿ ಬಹಳ ಸುತ್ತುಬಳಸಿನದು. ಅದು ಶುರುವಾಗುವುದು ಒಂದು ತುಂಡು ಕಂದು ಕಾಗದದಿಂದ.

1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸಿಗೆ ಕಳಿಸಿತು. ಆಗಿನ ಹಡಗುಗಳು ಮರದವು. ಬೆಚ್ಚಗಿನ ಕಡಲಿನಲ್ಲಿ ಮರ ಕೊರೆಯುವ ಹುಳುಗಳಿಗೆ ಅವು ಹಬ್ಬದೂಟ. ತಾಮ್ರ ಹೊದಿಸಿದ ಮೇಲೆ ಹುಳು ಸೋತಿತು. ಆದರೆ 1763ರಲ್ಲಿ ಹಡಗನ್ನು ಪರೀಕ್ಷಿಸಿದಾಗ ಬೇರೊಂದು ಅನಾಹುತ ಕಂಡಿತು. ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಎಲ್ಲವೂ ಅಲ್ಲ, ಅಲ್ಲಲ್ಲಿ ಕೆಲವು ಹೊಸದರಂತೆ ಗಟ್ಟಿಯಾಗಿದ್ದವು. ಬಿಚ್ಚಿ ನೋಡಿದರೆ, ತಗಡುಗಳಿಗೆ ಸುತ್ತಿ ತಂದಿದ್ದ ಕಂದು ಕಾಗದವನ್ನು ಕೆಲಸಗಾರರು ಆ ಜಾಗಗಳಲ್ಲಿ ಪೂರ್ತಿ ಕಿತ್ತುಹಾಕಿರಲಿಲ್ಲ. ಕಬ್ಬಿಣಕ್ಕೂ ತಾಮ್ರಕ್ಕೂ ನಡುವೆ ಕಾಗದ ಸಿಕ್ಕಿಕೊಂಡಲ್ಲಿ ಮೊಳೆ ಉಳಿದಿತ್ತು. ಯಾರದೋ ಉದಾಸೀನ ಹಡಗಿನ ಒಂದಿಷ್ಟು ಮೊಳೆಗಳನ್ನು ಕಾಪಾಡಿತ್ತು!

ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ಮುಳುಗಿದರೆ ಅದು ಬ್ಯಾಟರಿ. ಒಂದು ಲೋಹ ತನ್ನನ್ನು ಕರಗಿಸಿಕೊಂಡು ಕರೆಂಟು ಹುಟ್ಟಿಸುತ್ತದೆ, ಇನ್ನೊಂದು ಹಾಯಾಗಿರುತ್ತದೆ. ಇದನ್ನು ಹೇಳಲು ವೋಲ್ಟಾ ಎಂಬ ಇಟಲಿಯವನು 1800ರಲ್ಲಿ ತನ್ನ ಬ್ಯಾಟರಿ ಕಟ್ಟುವವರೆಗೆ ಕಾಯಬೇಕಾಯಿತು. ಅಲಾರ್ಮ್ ಹಡಗಿನವರಿಗೆ ತಿಳಿದದ್ದು ಇಷ್ಟೇ: ಎರಡನ್ನೂ ತಾಗಿಸಬೇಡಿ.

ಮುಂದಿನ ಅಧ್ಯಾಯ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯದು. ತಾಮ್ರದ ತಗಡೇ ಸವೆಯುತ್ತಿದೆ, ಏನಾದರೂ ಮಾಡಿ ಎಂದು ನೌಕಾಪಡೆ ಕೇಳಿತು. ಡೇವಿ ತಿರುಗಿಸಿ ಯೋಚಿಸಿದ. ತಾಮ್ರಕ್ಕಿಂತ ಬೇಗ ಕರಗುವ ಲೋಹವನ್ನು ಬೇಕೆಂದೇ ತಾಗಿಸಿಟ್ಟರೆ ಅದು ಕರಗುತ್ತದೆ, ತಾಮ್ರ ಉಳಿಯುತ್ತದೆ. 1824ರಲ್ಲಿ ರಾಯಲ್ ಸೊಸೈಟಿಯ ಮುಂದೆ ಲೆಕ್ಕವನ್ನೂ ಇಟ್ಟ. ಬಟಾಣಿ ಕಾಳಿನಷ್ಟು ಸತು ನಲವತ್ತು ಐವತ್ತು ಚದರ ಅಂಗುಲ ತಾಮ್ರವನ್ನು ಕಾಯಬಲ್ಲದು. ಪ್ರಯೋಗದಲ್ಲಿ ಅವನಿಗೆ ನೆರವಾದವನು ಮೈಕೆಲ್ ಫ್ಯಾರಡೆ. 'ಸಮರಾಂಗ್' ಎಂಬ ಹಡಗಿಗೆ ಕಬ್ಬಿಣದ ಗಟ್ಟಿಗಳನ್ನು ಜೋಡಿಸಿ ಅಟ್ಲಾಂಟಿಕ್ ದಾಟಿಸಿ ನೋವಾ ಸ್ಕೋಷಿಯಾಕ್ಕೆ ಕಳಿಸಿದರು.

ತಾಮ್ರ ಉಳಿಯಿತು. ಆದರೆ ಹೀಗೆ ಕಾಪಾಡಿದ ಹಡಗುಗಳ ತಳದಲ್ಲಿ ಪಾಚಿಯೂ ಚಿಪ್ಪಿನ ಜೀವಿಗಳೂ ಗೊಂಚಲು ಗೊಂಚಲಾಗಿ ಬೆಳೆದವು, ಹಡಗು ತೆವಳತೊಡಗಿತು. ತಾಮ್ರ ಚೂರುಚೂರೇ ಕರಗಿ ನೀರಿಗೆ ವಿಷ ಬಿಡುತ್ತಿದ್ದುದರಿಂದಲೇ ಇಷ್ಟು ದಿನ ಅವು ದೂರವಿದ್ದದ್ದು! ನೌಕಾಪಡೆ ಕೈಬಿಟ್ಟಿತು, ಡೇವಿ ನಗೆಪಾಟಲಾದ. ನನ್ನನ್ನು ಕೇಳಿದರೆ ಅವನಿಗೆ ಆದದ್ದು ಅನ್ಯಾಯ. ಕೇಳಿದ್ದು ತಾಮ್ರವನ್ನು ಉಳಿಸಲು, ಅವನು ಉಳಿಸಿದ. ಇವತ್ತು ಸಮುದ್ರದಲ್ಲಿ ಓಡಾಡುವ ಉಕ್ಕಿನ ಹಡಗುಗಳೆಲ್ಲ ಬದುಕಿರುವುದು ಅವನ ಉಪಾಯದಿಂದಲೇ.

ಇಲ್ಲಿಯವರೆಗೆ ಶಾಫ್ಟಿನ ಮಾತೇ ಬಂದಿಲ್ಲ. ಏಕೆಂದರೆ ಮೊದಲ ಉಗಿಹಡಗುಗಳಿಗೆ ಇದ್ದದ್ದು ಪಕ್ಕದ ಚಕ್ರಗಳು. ಅವುಗಳ ಶಾಫ್ಟು ನೀರಿನ ಮೇಲಿತ್ತು. ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಮತ್ತು ಜಾನ್ ಎರಿಕ್ಸನ್ 1836ರಲ್ಲಿ ಪ್ರೊಪೆಲ್ಲರಿಗೆ ಪೇಟೆಂಟ್ ಪಡೆದರು. 1845ರಲ್ಲಿ ಪ್ರೊಪೆಲ್ಲರಿನ 'ರ‍್ಯಾಟ್ಲರ್' ಹಡಗನ್ನೂ ಚಕ್ರದ 'ಅಲೆಕ್ಟೊ' ಹಡಗನ್ನೂ ಹಿಂದಿಗೆ ಹಿಂದು ಕಟ್ಟಿ ಹಗ್ಗ ಜಗ್ಗಾಟ ಮಾಡಿಸಿದಾಗ ರ‍್ಯಾಟ್ಲರ್ ಎದುರಾಳಿಯನ್ನು ದರದರ ಎಳೆದೊಯ್ದಿತು. ಅಷ್ಟರಲ್ಲಿ, 1843ರಲ್ಲೇ, ಬ್ರಿಸ್ಟಲ್‌ನಲ್ಲಿ 'ಗ್ರೇಟ್ ಬ್ರಿಟನ್' ನೀರಿಗಿಳಿದಿತ್ತು: ಕಬ್ಬಿಣದ ಒಡಲು, ಹಿಂದೆ ಪ್ರೊಪೆಲ್ಲರು. ಮುಂದೆ ಕಬ್ಬಿಣದ ಪ್ರೊಪೆಲ್ಲರಿಗಿಂತ ಕಂಚಿನದು ನುಣುಪು, ಬಾಳಿಕೆ ಹೆಚ್ಚು ಎಂದು ಗೊತ್ತಾಗಿ ಎಲ್ಲರೂ ಅತ್ತ ವಾಲಿದರು. ಉಕ್ಕಿನ ಒಡಲು, ಕಂಚಿನ ಪ್ರೊಪೆಲ್ಲರು, ಎರಡನ್ನೂ ಜೋಡಿಸುವ ಶಾಫ್ಟು, ಸುತ್ತ ಉಪ್ಪುನೀರು. ಅಲಾರ್ಮ್ ಹಡಗಿನ ಮೊಳೆಯ ಕಥೆಯೇ, ಈಗ ಹಡಗಿನಷ್ಟೇ ದೊಡ್ಡದಾಗಿ. ಕಂಚಿಗೂ ಉಕ್ಕಿಗೂ ಇರುವ ವ್ಯತ್ಯಾಸ ಒಂದು ವೋಲ್ಟಿನ ಮೂರನೇ ಒಂದು ಪಾಲು. ಟಾರ್ಚಿನ ಸೆಲ್ಲಿನ ಕಾಲು ಭಾಗಕ್ಕೂ ಕಡಿಮೆ. ಆದರೆ ಹಗಲೂ ರಾತ್ರಿ ವರ್ಷಗಟ್ಟಲೆ ನಡೆಯುವ ಸೆಲ್ಲು ಅದು. ಹಿಂಭಾಗದ ತಗಡುಗಳು ತಿಂದುಹೋಗದಿರಲಿ ಎಂದು ಪ್ರೊಪೆಲ್ಲರಿನ ಸುತ್ತ ಸತುವಿನ ಗಟ್ಟಿಗಳನ್ನು ಬಿಗಿಯುವ ರೂಢಿ ಬಂತು. ಡೇವಿ ಹಿಂಬಾಗಿಲಿನಿಂದ ಮರಳಿ ಬಂದ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಅದು ನಡೆದದ್ದು ಕಡಲಿನಲ್ಲಿ ಅಲ್ಲ, ಲಂಡನ್ನಿನಲ್ಲಿ, ರೈಲು ಗಾಲಿಯ ಬೇರಿಂಗಿನ ಮೇಲೆ. ಬೋಶಾಂಪ್ ಟವರ್ ಎಂಬ ಎಂಜಿನಿಯರು ಎಣ್ಣೆ ಹಾಕಿದ ಬೇರಿಂಗಿನಲ್ಲಿ ತಿಕ್ಕಾಟ ಎಷ್ಟು ಎಂದು ಅಳೆಯುತ್ತಿದ್ದ. ಎಣ್ಣೆ ಬಿಡಲು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದ. ಯಂತ್ರ ತಿರುಗಿಸಿದರೆ, ಒಳಗೆ ಹೋಗಬೇಕಾದ ಎಣ್ಣೆ ತೂತಿನಿಂದ ಉಕ್ಕಿ ಹೊರಬಂತು. ಬಿರಡೆ ಜಡಿದ, ಅದು ಎದ್ದುಬಂತು. ಮರದ ಗೂಟ ಬಡಿದ. ಅದೂ ಮೆಲ್ಲಗೆ ಮೇಲೆದ್ದಿತು. ಕೊನೆಗೆ ಒತ್ತಡದ ಮೀಟರು ಜೋಡಿಸಿದ. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಚದರ ಅಂಗುಲಕ್ಕೆ 100 ಪೌಂಡು. ಮುಳ್ಳು 200 ದಾಟಿ ಅಂಚಿಗೆ ಹೋಗಿ ನಿಂತಿತು. 1883ರಲ್ಲಿ ಅವನು ಪ್ರಕಟಿಸಿದ ಈ ವಿಚಿತ್ರವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಣಿತದಿಂದ ಬಿಡಿಸಿದ. ತಿರುಗುವ ಶಾಫ್ಟು ತನ್ನ ಅಡಿಗೆ ತಾನೇ ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಆ ಎಣ್ಣೆ ಬೆಣೆಯಂತೆ ಒಳಹೊಕ್ಕು ಅದನ್ನು ಎತ್ತಿಹಿಡಿಯುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ.

ಅಂದರೆ ಹಡಗು ನೀರಿನ ಮೇಲೆ ತೇಲಿದರೆ, ಅದರೊಳಗೆ ಟನ್ನುಗಟ್ಟಲೆ ತೂಗುವ ಶಾಫ್ಟು ಕೂದಲೆಳೆಯಷ್ಟೂ ದಪ್ಪವಿಲ್ಲದ ಎಣ್ಣೆಯ ಮೇಲೆ ತೇಲುತ್ತಿದೆ. ನಿಂತಾಗ ಬೇರಿಂಗಿನ ಮೇಲೆ ಮೈಚಾಚಿ ಮಲಗುತ್ತದೆ, ಒಡಲಿಗೆ ಅರ್ಥ್ ತಾನಾಗಿ ಸಿಗುತ್ತದೆ. ಹೊರಟ ಕೂಡಲೇ ಮೇಲೆದ್ದು ಸಂಬಂಧ ಕಡಿದುಕೊಳ್ಳುತ್ತದೆ. ಎಣ್ಣೆ ಕರೆಂಟನ್ನು ಹಾಯಗೊಡುವುದಿಲ್ಲ. ಅಲಾರ್ಮ್ ಹಡಗಿನ ಕಂದು ಕಾಗದದ ಕೆಲಸವನ್ನು ಈಗ ಎಣ್ಣೆ ಮಾಡುತ್ತಿತ್ತು.

ಒಳ್ಳೆಯದೇ ಆಯಿತಲ್ಲ, ಬಿಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ಕಾಗದವಾದರೆ ಬಿಡಬಹುದಿತ್ತು. ಎಣ್ಣೆಯ ಪದರ ಕಾಗದದಷ್ಟು ಪ್ರಾಮಾಣಿಕವಲ್ಲ. ಅದು ಒಂದು ಗಳಿಗೆ ದಪ್ಪ, ಒಂದು ಗಳಿಗೆ ತೆಳು. ತೆಳುವಾದಲ್ಲಿ ಕರೆಂಟು ಕಿಡಿಯಾಗಿ ಹಾರುತ್ತದೆ. ಒಂದೊಂದು ಕಿಡಿಯೂ ಬೇರಿಂಗಿನ ಮೆದು ಬಿಳಿಲೋಹದಲ್ಲಿ ಸೂಜಿಮೊನೆಯಷ್ಟು ಕುಳಿ ಮಾಡುತ್ತದೆ. ಸಾವಿರಾರು ಕುಳಿಗಳು ಸೇರಿದರೆ ಕನ್ನಡಿಯಂತಿದ್ದ ಬೇರಿಂಗು ಉಜ್ಜುಗಲ್ಲಾಗುತ್ತದೆ. ನೆಲದ ಮೇಲಿನ ವಿದ್ಯುತ್ ಯಂತ್ರಗಳಲ್ಲಿ ಶಾಫ್ಟಿನ ಈ ಕಳ್ಳ ಕರೆಂಟಿನ ಬಗ್ಗೆ ಅಮೆರಿಕದ ಆಲ್ಜರ್ ಮತ್ತು ಸ್ಯಾಮ್ಸನ್ 1924ರಲ್ಲೇ ಬರೆದಿದ್ದರು.

ಹಡಗಿನಲ್ಲಿ ಅದು ಜೋರಾದದ್ದು ಎರಡನೇ ಮಹಾಯುದ್ಧದ ನಂತರ. ಸತುವಿನ ಗಟ್ಟಿಗಳ ಮೇಲೆ ಹಿಂದೆ ಯಾರಿಗೂ ಪೂರ್ತಿ ನಂಬಿಕೆ ಇರಲಿಲ್ಲ. ಕೆಲವು ಕರಗುತ್ತಿದ್ದವು, ಕೆಲವು ಕಲ್ಲಿನಂತೆ ಸುಮ್ಮನಿರುತ್ತಿದ್ದವು. ಕಾರಣ ಸತುವಿನೊಳಗೆ ಸೇರಿಕೊಂಡ ಕಬ್ಬಿಣದ ಅಂಶ. ಅದು ಲಕ್ಷಕ್ಕೆ ಐದು ಪಾಲು ಮೀರಿದರೆ ಸತುವಿನ ಮೇಲೆ ಹೊಪ್ಪಳೆ ಕಟ್ಟಿ ಕೆಲಸ ನಿಲ್ಲುತ್ತದೆ. 1950ರ ದಶಕದಲ್ಲಿ ಇದು ಸ್ಪಷ್ಟವಾದ ಮೇಲೆ ಶುದ್ಧ ಸತು ಬಂತು. ಜೊತೆಗೆ, ಸತುವಿನ ಹಂಗೇ ಬೇಡವೆಂದು ಹಡಗಿನ ಜನರೇಟರಿನಿಂದಲೇ ಕರೆಂಟು ತೆಗೆದು, ಒಡಲಿಗೆ ಕೂರಿಸಿದ ಆನೋಡು ಎಂಬ ಲೋಹದ ತುಂಡುಗಳಿಂದ ನೀರಿನ ಮೂಲಕ ಹಾಯಿಸಿ ಉಕ್ಕನ್ನು ಕಾಯುವ ಪದ್ಧತಿಯೂ ಬಂತು. ಈ ಕರೆಂಟು ಒಂದಿಷ್ಟು ಪ್ರೊಪೆಲ್ಲರಿಗೂ ಹೋಗುತ್ತದೆ. ಒಡಲಿಗೆ ಬಣ್ಣವಿದೆ, ಪ್ರೊಪೆಲ್ಲರು ಬೆತ್ತಲೆ; ಹಾಗಾಗಿ ಗಾತ್ರಕ್ಕೆ ಮೀರಿ ಕುಡಿಯುತ್ತದೆ. ಕುಡಿದದ್ದು ಶಾಫ್ಟಿನ ಮೂಲಕ ಒಡಲಿಗೆ ವಾಪಸು ಬರಲೇಬೇಕು. ದಾರಿಯಲ್ಲಿ ಎಣ್ಣೆ. ದಾರಿ ಕಟ್ಟಿದರೆ ಪ್ರೊಪೆಲ್ಲರಿಗೆ ಕಾವಲಿಲ್ಲ, ದಾರಿ ಮುರಿದು ಬಂದರೆ ಬೇರಿಂಗಿಗೆ ಉಳಿಗಾಲವಿಲ್ಲ. ತಾಗಿಸಬೇಡಿ ಎಂದು 1763ರಲ್ಲಿ ಹೇಳಿದವರ ಮಕ್ಕಳ ಮಕ್ಕಳು ಈಗ ಹೇಗಾದರೂ ತಾಗಿಸಿ ಎನ್ನತೊಡಗಿದರು.

ತಿರುಗುವುದಕ್ಕೆ ಕರೆಂಟು ತಾಗಿಸುವ ವಿದ್ಯೆ ಡೈನಮೋದವರ ಹತ್ತಿರ ಹಳೆಯದಾಗಿಯೇ ಇತ್ತು. ಮೊದಲು ತಾಮ್ರದ ತಂತಿಗಳ ಕಟ್ಟನ್ನು ಪೊರಕೆಯಂತೆ ಒತ್ತಿಹಿಡಿಯುತ್ತಿದ್ದರು, ಬ್ರಷ್ ಎಂಬ ಹೆಸರು ಅಲ್ಲಿಂದ ಬಂದದ್ದು. 1885ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್ ಪೊರಕೆ ತೆಗೆದು ಕಾರ್ಬನ್ನಿನ ತುಂಡು ಇಟ್ಟ. ಹೆಸರು ಮಾತ್ರ ಹಾಗೇ ಉಳಿಯಿತು. ನಿಮ್ಮ ಮಿಕ್ಸಿಯಲ್ಲಿ ಕಿಡಿ ಬಂದಾಗ ಮೆಕ್ಯಾನಿಕ್ಕು "ಬ್ರಷ್ ಹೋಗಿದೆ" ಎನ್ನುವುದು ಇದನ್ನೇ.

ಹಾಗಾದರೆ ಆ ಕಾರ್ಬನ್ ಬ್ರಷ್ಷನ್ನೇ ಶಾಫ್ಟಿಗೆ ಒತ್ತಿದರಾಯಿತು. ಒತ್ತಿದರೆ ಆಗುವುದಿಲ್ಲ! ಕಾರ್ಬನ್ನು ಲೋಹಕ್ಕೆ ತಾಗುವಲ್ಲಿ ಸುಮಾರು ಒಂದು ವೋಲ್ಟು ಸುಂಕ ಕೇಳುತ್ತದೆ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ಹೋದರೆ ಯಾರಿಗೂ ಲೆಕ್ಕವಿಲ್ಲ. ಶಾಫ್ಟಿನಲ್ಲಿರುವ ಒಟ್ಟು ಬಂಡವಾಳವೇ ಒಂದು ವೋಲ್ಟಿಗಿಂತ ಕಡಿಮೆ. ಶಾಫ್ಟಿಗೂ ಒಡಲಿಗೂ ನಡುವೆ 50 ಮಿಲಿವೋಲ್ಟು ಮೀರಬಾರದು ಎಂದು ದೊಡ್ಡ ಡೀಸೆಲ್ ಎಂಜಿನ್ ತಯಾರಕರು ಹೇಳುತ್ತಾರೆ. 50 ಆಂಪಿಯರ್ ಹರಿಯುತ್ತಿದ್ದರೆ ದಾರಿಯ ಅಡ್ಡಿ ಒಂದು ಓಮಿನ ಸಾವಿರದಲ್ಲಿ ಒಂದು ಪಾಲಿನೊಳಗೆ ಇರಬೇಕು. ಕೊನೆಗೆ ನೆರವಿಗೆ ಬಂದದ್ದು ಬೆಳ್ಳಿ. ಶಾಫ್ಟಿಗೆ ಬೆಳ್ಳಿ ಹೊದಿಸಿದ ಪಟ್ಟಿಯನ್ನು ಸುತ್ತಿ, ಅದರ ಮೇಲೆ ಬೆಳ್ಳಿ ಬೆರೆಸಿದ ಗ್ರಾಫೈಟಿನ ಬ್ರಷ್ಷುಗಳನ್ನು ಸ್ಪ್ರಿಂಗಿನಿಂದ ಒತ್ತಿಹಿಡಿಯುತ್ತಾರೆ. ತಾಮ್ರದ ಕಿಲುಬು ಕರೆಂಟನ್ನು ತಡೆದಷ್ಟು ಬೆಳ್ಳಿಯ ಕಪ್ಪು ತಡೆಯುವುದಿಲ್ಲ. ಹಸಿ ಕಬ್ಬಿಣದ ಲೋಕವಾದ ಎಂಜಿನ್ ಕೋಣೆಯ ಮೂಲೆಯಲ್ಲಿ, ಕಾಲುಂಗುರದಂತೆ ಒಂದು ಬೆಳ್ಳಿ ಪಟ್ಟಿ ತಿರುಗುತ್ತಿರುತ್ತದೆ.

ಯುದ್ಧನೌಕೆಗಳಿಗೆ ಇನ್ನೊಂದು ಭಯ. ಶಾಫ್ಟು ತಿರುಗಿದಂತೆ ಬೇರಿಂಗಿನ ಅಡ್ಡಿ ಏರಿಳಿಯುತ್ತದೆ, ಕರೆಂಟೂ ಅದೇ ತಾಳಕ್ಕೆ ಏರಿಳಿದು ಸಮುದ್ರದಲ್ಲಿ ಸಣ್ಣ ಮಿಡಿತವಾಗಿ ಹರಡುತ್ತದೆ. ನೀರಿನಡಿಯ ಸಿಡಿಗುಂಡು ಅದನ್ನು ಕೇಳಿಸಿಕೊಳ್ಳಬಲ್ಲದು. ಅದಕ್ಕೇ ಅಲ್ಲಿ ಬ್ರಷ್ಷಿನ ಜೊತೆಗೆ ಎಲೆಕ್ಟ್ರಾನಿಕ್ ಉಪಕರಣವನ್ನೂ ಇಟ್ಟು, ಶಾಫ್ಟಿನ ವೋಲ್ಟೇಜು ತಲೆಯೆತ್ತಿದ ಕ್ಷಣವೇ ಎದುರು ಕರೆಂಟು ಕೊಟ್ಟು ಅಡಗಿಸುತ್ತಾರೆ.

ಸಣ್ಣ ಬೋಟುಗಳಲ್ಲಿ ಇಷ್ಟೆಲ್ಲ ಇಲ್ಲ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆಯಾದಾಗ ಮಲ್ಪೆಯಲ್ಲೋ ಮಂಗಳೂರಿನಲ್ಲೋ ದಡ ಹತ್ತಿದ ಉಕ್ಕಿನ ಬೋಟಿನ ಹಿಂಬದಿ ನೋಡಿ, ಬೂದುಬಣ್ಣದ ಗಟ್ಟಿಗಳು ಅರ್ಧಂಬರ್ಧ ಕರಗಿ ಕೂತಿರುತ್ತವೆ. ವಿಹಾರದೋಣಿಗಳಲ್ಲಿ ಸತುವಿನ ಬಳೆಯೊಂದನ್ನು ಶಾಫ್ಟಿಗೇ ತೊಡಿಸುವುದುಂಟು. ಬಳೆ ಶಾಫ್ಟಿನ ಜೊತೆಗೇ ತಿರುಗುತ್ತದೆ, ಬ್ರಷ್ಷಿನ ಗೊಡವೆಯೇ ಇಲ್ಲ. ಸತುವಿಗೆ ಮಾತ್ರ ಬಣ್ಣ ಬಳಿಯಬಾರದು. ಬಳಿದರೆ ಅದಕ್ಕೂ ನೀರಿಗೂ ನಡುವೆ ಮತ್ತೆ ಕಂದು ಕಾಗದ ಇಟ್ಟಂತೆ.

ದೊಡ್ಡ ಹಡಗಿನಲ್ಲಿ ಶಾಫ್ಟಿನ ಪಕ್ಕದಲ್ಲಿ ಒಂದು ಮಿಲಿವೋಲ್ಟ್ ಮೀಟರು ಇರುತ್ತದೆ. ಅದಕ್ಕೆಂದೇ ಬೇರೆ ಬ್ರಷ್ಷು ಇಡುತ್ತಾರೆ, ಕರೆಂಟು ಹೊರುವ ಬ್ರಷ್ಷಿನಿಂದ ಅಳೆಯುವುದಿಲ್ಲ. ಪಟ್ಟಿಯ ಮೇಲೆ ಎಣ್ಣೆ, ಬ್ರಷ್ಷಿನ ಪುಡಿ ಕೂತರೆ ಮುಳ್ಳು ಏರುತ್ತದೆ. ಎಂಜಿನಿಯರು ಬಟ್ಟೆ ಹಿಡಿದು ಒರೆಸಬೇಕು. ಮುಳ್ಳನ್ನು ಹಡಗು ಓಡುತ್ತಿರುವಾಗಲೇ ನೋಡಬೇಕು. ಬಂದರಿನಲ್ಲಿ ಶಾಫ್ಟು ಬೇರಿಂಗಿನ ಮೇಲೆ ಮಲಗಿರುತ್ತದೆ. ಬ್ರಷ್ಷು ಮುರಿದು ಬಿದ್ದಿದ್ದರೂ ಆಗ ಮುಳ್ಳು ಸೊನ್ನೆಯ ಹತ್ತಿರವೇ ಇರುತ್ತದೆ.