ಅಟ್ಟದ ಮೇಲಿನ ಕೋವಿಯೂ ಸೀಸದ ಗುಂಡೂ



ಕಬ್ಬಿನ ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಅಟ್ಟದ ಮೇಲಿನ ಕೋವಿ ನೆನಪಾಗುವುದು ಸಹಜ. ಅಜ್ಜನ ಕಾಲದ ದಪ್ಪ ನಳಿಗೆಯ ಕೋವಿ, ಜೊತೆಗೆ ಗುಂಡು ಎರಕ ಹೊಯ್ಯುವ ಅಚ್ಚು. “ಇದಕ್ಕೆ ಯಾವ ಗುಂಡು ಒಳ್ಳೇದು ಸ್ವಾಮಿ?” ಅಂತ ಕೇಳುವವರು ಈಗಲೂ ಉಂಟು. ಆ ಲೆಕ್ಕವನ್ನೇ ಮೊದಲು ಹೇಳಿಬಿಡುತ್ತೇನೆ.

ಒಂದು ಪೌಂಡು, ಅಂದರೆ 454 ಗ್ರಾಂ ಸೀಸದಲ್ಲಿ ನಳಿಗೆಗೆ ಹೊಂದುವ ಗುಂಡು ಎಷ್ಟಾಗುತ್ತವೋ ಅದೇ ಕೋವಿಯ ನಂಬರು. 12ರ ಕೋವಿಯ ಗುಂಡು ಸುಮಾರು 38 ಗ್ರಾಂ, 8ರದ್ದು 57. 4ರ ಕೋವಿಯದು 113 ಗ್ರಾಂ, ನೆಲ್ಲಿಕಾಯಿಯಷ್ಟು ದಪ್ಪ! ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಸಾಹೇಬರು ಆನೆ ಬೇಟೆಗೆ ಇಂಥವನ್ನೇ ಹೊರುತ್ತಿದ್ದರು. ಬರಿಯ ಸೀಸ ಮೆತ್ತಗೆ. ಜಿಂಕೆಯ ಮೈಗೆ ತಾಗಿದರೆ ಅಪ್ಪಚ್ಚಿಯಾಗಿ ದೊಡ್ಡ ಗಾಯ ಮಾಡುತ್ತದೆ. ಆನೆ, ಕಾಟಿಯ ಎಲುಬಿಗೆ ಅದು ಸಾಲದು, ತವರ ಬೆರೆಸಿ ಗಟ್ಟಿಮಾಡುತ್ತಿದ್ದರು. ಆ ವಿದ್ಯೆ ಇಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಬೆಳೆ ಹಾಳುಮಾಡುವ ಹಂದಿಯನ್ನೂ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ. ಬೆಳೆ ನಷ್ಟಕ್ಕೆ ಪರಿಹಾರದ ಅರ್ಜಿ ಕೊಡಿ. ಅದು ನಿಮ್ಮ ಹಕ್ಕು.

ಇನ್ನು ಎರಕದ ಮಾತು. ಸೀಸ 327 ಡಿಗ್ರಿಗೇ ಕರಗುತ್ತದೆ, ಅಡಿಗೆ ಒಲೆಯ ಮೇಲೂ ಕರಗೀತು. ಕೇಡು ಇರುವುದೇ ಅಲ್ಲಿ. ಅದರ ಹೊಗೆ, ಮೇಲೆ ಕಟ್ಟುವ ಬೂದಿ, ಕೈಗೆ ಹತ್ತಿದ ಪುಡಿ ಎಲ್ಲವೂ ವಿಷ. ಅಮ್ಮಂದಿರೇ, ಸೀಸ ಕಾಯಿಸಿದ ಪಾತ್ರೆಯನ್ನು ಎಷ್ಟು ಬೆಳಗಿದರೂ ಮತ್ತೆ ಅಡಿಗೆಗೆ ತರಬೇಡಿ. ಸೀಸ ಮಕ್ಕಳ ಮೆದುಳನ್ನೇ ಕೆಡಿಸುತ್ತದೆ. ‘ಇಷ್ಟಾದರೆ ಅಪಾಯವಿಲ್ಲ’ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಂಡೇಟಿನ ಮಾಂಸದಲ್ಲೂ ಕಣ್ಣಿಗೆ ಕಾಣದ ಸೀಸದ ಚೂರು ಗಾಯದಿಂದ ದೂರದವರೆಗೆ ಹರಡಿರುತ್ತದೆ.

ಕೊಕ್ಕರೆ ಬೆಳ್ಳೂರಿನವರಿಗೆ ಇನ್ನೊಂದು ಮಾತು. ಹೆಜ್ಜಾರ್ಲೆಯನ್ನು ಬಾಣಂತನಕ್ಕೆ ಬಂದ ಮನೆಮಗಳೆಂದು ಕಾಣುವ ಊರು ನಿಮ್ಮದು. 2007ರಲ್ಲಿ ಸಮುದಾಯ ಮೀಸಲು ಎಂದು ಹೆಸರಾಯಿತು. ಹುಣಸೆ ಮರದಡಿಯ ಹಿಕ್ಕೆಯನ್ನು ಗೊಬ್ಬರವಾಗಿ ಉಂಡ ಹೊಲಗಳೂ ನಿಮ್ಮವೇ. ಗೂಡಿನ ಕಾಲದಲ್ಲಿ ಹತ್ತಿರ ಒಂದು ಈಡು ಹಾರಿದರೆ ಕಾವು ಕೂತ ಹಕ್ಕಿ ಎದ್ದುಬಿಡುತ್ತದೆ, ಕಾಗೆ ಬಂದು ಮೊಟ್ಟೆಗೆ ಬಾಯಿಹಾಕುತ್ತದೆ. ಕೆರೆಯಂಗಳಕ್ಕೆ ಬಿದ್ದ ಚರೆಗಳನ್ನು ಬಾತುಗಳು ಕಲ್ಲುಹರಳೆಂದು ನುಂಗಿ ಸಾಯುತ್ತವೆ. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು 1991ರಲ್ಲೇ ನಿಷೇಧಿಸಿದರು. ಬೇಟೆಗೆ ಅಪ್ಪಣೆಯಿರುವ ದೇಶದಲ್ಲೇ ಹೀಗೆ, ನೋಡಿ.

ಹಾಗಾದರೆ ಕೋವಿಯನ್ನು ಏನು ಮಾಡಬೇಕು? ಕರಿಮದ್ದಿಗೆಂದು ಮಾಡಿದ ನಳಿಗೆಗೆ ಈಗಿನ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಸಿಡಿದು ಕೈಯೋ ಕಣ್ಣೋ ಹೋದೀತು. ಅಜ್ಜ ತೀರಿಕೊಂಡಿದ್ದರೆ ಅವರ ಲೈಸೆನ್ಸು ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಪೊಲೀಸ್ ಠಾಣೆಯಲ್ಲೋ ಲೈಸೆನ್ಸುಳ್ಳ ಕೋವಿ ಅಂಗಡಿಯಲ್ಲೋ ಒಪ್ಪಿಸಿ, ರಸೀದಿ ಪಡೆದು, ಬೇಕಾದರೆ ಆಮೇಲೆ ಅರ್ಜಿ ಹಾಕಿ. ಆದರೆ ಹಾಗೇ ಹೆಗಲಿಗೇರಿಸಿಕೊಂಡು ಹೊರಡಬೇಡಿ. ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ ಹಳೆಯ ಈಡು ಎಷ್ಟೋ ವರ್ಷದಿಂದ ಹಾಗೇ ಕೂತಿರಬಹುದು. ನಳಿಗೆಯನ್ನು ಊದಿ ನೋಡಬೇಡಿ, ಒಲೆಯ ಹತ್ತಿರ ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಠಾಣೆಗೆ ಸುದ್ದಿ ಮುಟ್ಟಿಸಿ, ತಿಳಿದವರೇ ಬಂದು ಈಡು ತೆಗೆಯಲಿ.