ಸುಂಕದ ಕಟ್ಟೆಯ ಯಂತ್ರವೂ ನಮ್ಮ ಮಾವಿನ ತೋಟವೂ

(ಮಾವು ಬೆಳೆಗಾರರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಮಾಡಿದರು. ಆದರೂ ಆ ಸುಂಕದವನು ಮನುಷ್ಯನಾಗಿದ್ದ. ಒಮ್ಮೊಮ್ಮೆ ಅವನ ಮನಸ್ಸು ಕರಗುವುದೂ ಉಂಟು. ಈಗ ಯೂರೋಪಿನ ಸುಂಕದ ಕಟ್ಟೆಯಲ್ಲಿ ಪತ್ರಗಳನ್ನು ತಾಳೆ ನೋಡಲು ಕಂಪ್ಯೂಟರನ್ನು ಕೂರಿಸಿದ್ದಾರೆ. ಅದಕ್ಕೆ ಕಣ್ಣೀರೂ ತಿಳಿಯದು, ಕೈ ಬೆಚ್ಚಗೆ ಮಾಡಿದರೂ ತಿಳಿಯದು. ಅಲ್ಲಿಗೆ ಮಾವು ಕಳುಹಿಸಬೇಕೆನ್ನುವವರು ಅದರ ರೀತಿಯನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಹಳೆಯ ಸಂಗತಿಯೊಂದನ್ನು ನೆನಪಿಗೆ ತಂದುಕೊಳ್ಳೋಣ. 2014ರ ಮೇ 1ರಿಂದ ಯೂರೋಪ್ ಒಕ್ಕೂಟವು ಭಾರತದ ಮಾವನ್ನೂ, ಅದರೊಂದಿಗೆ ಬದನೆ, ಹಾಗಲ, ಪಡವಲ, ಕೆಸುವುಗಳನ್ನೂ ತರಿಸಿಕೊಳ್ಳುವುದನ್ನು ನಿಲ್ಲಿಸಿತು. 2013ರಲ್ಲಿ ಇಲ್ಲಿಂದ ಹೋದ ಹಣ್ಣು ತರಕಾರಿಯ 207 ರವಾನೆಗಳಲ್ಲಿ ಹಣ್ಣುನೊಣವೇ ಮೊದಲಾದ ಕೀಟಗಳು ಸಿಕ್ಕಿದ್ದವು. ಮಾವಿನ ಮೇಲಿನ ತಡೆಯನ್ನು 2015ರಲ್ಲಿ ತೆಗೆದರು. ಆದರೆ ಆ ಒಂದು ಹಂಗಾಮಿನಲ್ಲಿ ಹುಳುವಿಲ್ಲದ ಹಣ್ಣು ಬೆಳೆದವನೂ ಹುಳುಕು ಹಣ್ಣಿನವನ ಜೊತೆ ನಷ್ಟಕ್ಕೆ ಗುರಿಯಾದ.

ಯೂರೋಪ್ ಒಕ್ಕೂಟಕ್ಕೆ ಹೋಗುವ ಮಾವಿನ ಪ್ರತಿ ರವಾನೆಗೂ ಕೇಂದ್ರ ಸರ್ಕಾರದ ಸಸ್ಯ ಕ್ವಾರಂಟೈನ್ ಅಧಿಕಾರಿಗಳು ಸಸ್ಯಾರೋಗ್ಯ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಆಧಾರ ಮಾಡಿಕೊಂಡು ಅಲ್ಲಿನ ವ್ಯಾಪಾರಿಯು 'ಟ್ರೇಸಸ್' ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಪ್ರವೇಶಪತ್ರವನ್ನು ತುಂಬುತ್ತಾನೆ. ಗಡಿಯ ತಪಾಸಣಾ ಅಧಿಕಾರಿಗಳು ತಮ್ಮ ತೀರ್ಮಾನವನ್ನು ಅದರಲ್ಲೇ ಬರೆಯುತ್ತಾರೆ. ಹಿಂದೆ ಸುಂಕದ ಗುಮಾಸ್ತನು ಪತ್ರವನ್ನು ಕೈಯಲ್ಲಿ ಹಿಡಿದು ಮೊಹರು, ನಂಬರು ನೋಡುತ್ತಿದ್ದ. 2022ರಲ್ಲಿ ಯೂರೋಪಿನವರು ಹೊಸ ಕಾಯಿದೆ ಮಾಡಿ, ಒಕ್ಕೂಟದ 27 ದೇಶಗಳ ಸುಂಕದ ಕಂಪ್ಯೂಟರುಗಳೂ 2025ರ ಮಾರ್ಚ್ 3ರೊಳಗೆ 'ಸರ್ಟೆಕ್ಸ್' ಎಂಬ ಏರ್ಪಾಟಿನ ಮೂಲಕ ಈ ದಾಖಲೆಗೆ ಜೋಡಣೆಯಾಗಬೇಕೆಂದು ವಿಧಿಸಿದರು.

ಇದರ ಕೆಲಸ ಹೀಗೆ: ವ್ಯಾಪಾರಿ ಸುಂಕದ ಅರ್ಜಿಯಲ್ಲಿ ಪತ್ರದ ನಂಬರು ಬರೆದೊಡನೆ ಯಂತ್ರವು ಮೂಲ ದಾಖಲೆಯನ್ನು ಕೇಳುತ್ತದೆ. ಆ ನಂಬರಿನ ಪತ್ರ ನಿಜವಾಗಿ ಇದೆಯೇ? ಅದು ಊರ್ಜಿತದಲ್ಲಿದೆಯೇ? ಬರೆದ ಮಾಲೂ ತೂಕವೂ ತಾಳೆಯಾಗುತ್ತವೆಯೇ? ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡಿನ ಲೆಕ್ಕದಿಂದ ಅಕ್ಕಿ ಕಳೆಯುವಂತೆ ಪತ್ರದ ಲೆಕ್ಕದಿಂದ ಮಾಲನ್ನು ಕಳೆಯುವುದಕ್ಕೂ ಏರ್ಪಾಟುಂಟು. ಹೀಗಾಗಿ ಒಂದೇ ಪತ್ರ ತೋರಿಸಿ ಎರಡು ಸಲ ಮಾಲು ದಾಟಿಸುವುದು ಕಷ್ಟ.

ಇದು ಅವರೊಬ್ಬರ ಕಟ್ಟಲೆಯಲ್ಲ. ನಮ್ಮ ದೇಶಕ್ಕೆ ಬರುವ ಬೀಜ, ಸಸಿ, ಹಣ್ಣುಗಳಿಗೂ 2003ರ ಸಸ್ಯ ಕ್ವಾರಂಟೈನ್ ಆದೇಶವಿದೆ. 2016ರ ಏಪ್ರಿಲ್ 1ರಿಂದ ನಮ್ಮ ಸುಂಕದ ಇಲಾಖೆಯೂ ಸಸ್ಯ ಕ್ವಾರಂಟೈನಿನವರೂ ಕಂಪ್ಯೂಟರಿನ ಒಂದೇ ಕಿಂಡಿಯಲ್ಲಿ ಆಮದಿನ ಅರ್ಜಿ ನೋಡುತ್ತಾರೆ. ಪರದೇಶದ ಪಿಡುಗು ನಮ್ಮ ಹೊಲಕ್ಕೆ ಬಾರದಿರಲಿ ಎಂದು ನಾವು ಬಯಸುವಂತೆ ಅವರೂ ಬಯಸುತ್ತಾರೆ.

ಆದರೆ ಒಂದು ಮಾತು. ಯಂತ್ರವು ಪತ್ರವನ್ನು ಪತ್ರದೊಡನೆ ಹೋಲಿಸುತ್ತದೆಯೇ ಹೊರತು ತೋಟವನ್ನು ಕಂಡಿಲ್ಲ. ಮೊದಲಲ್ಲಿ ಬರೆದದ್ದು ಸುಳ್ಳಾದರೆ ಆ ಸುಳ್ಳೂ ಅಚ್ಚುಕಟ್ಟಾಗಿ ತಾಳೆಯಾಗುತ್ತಾ ಸಾಗುತ್ತದೆ, ಯಾರಾದರೂ ಹಣ್ಣು ಕೊಯ್ಯುವವರೆಗೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕಳೆದ ಹಂಗಾಮಿನಲ್ಲಿ ನನ್ನ ವಲಯದ ಒಬ್ಬ ಬೆಳೆಗಾರರು ರಫ್ತಿಗೆಂದು ತೋಟ ನೋಂದಾಯಿಸಿ, ಬಲೆ ಕಟ್ಟಿ, ಉದುರಿದ ಹಣ್ಣನ್ನು ಆಯ್ದು ಹೂಳುತ್ತಿದ್ದರು. ಪಕ್ಕದಲ್ಲೇ ಅವರ ಅಣ್ಣನ ತೋಟ. ಅದಕ್ಕೆ ನೋಂದಣಿ ಇರಲಿಲ್ಲ. "ಅಣ್ಣನ ಮಾತು ಮೀರಲಾರೆ ಸ್ವಾಮಿ, ಅವನ ಕಾಯಿಯೂ ನನ್ನ ನಂಬರಿನಲ್ಲೇ ಹೋಗಲಿ" ಎಂದರು. ಅವರ ತೋಟದ ದಿನಚರಿ ಬರೆದುಕೊಡುತ್ತಿದ್ದವನು ನಾನು. ದಾಕ್ಷಿಣ್ಯಕ್ಕೆ ಬಿದ್ದು, ಅಣ್ಣನ ತೋಟಕ್ಕೆ ಕಾಲಿಡದೆಯೇ ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆದೆ. ಪ್ಯಾಕಿಂಗ್ ಮನೆಯಲ್ಲಿ ಮಾದರಿ ಹಣ್ಣು ಕೊಯ್ದಾಗ ಹುಳು ಸಿಕ್ಕಿತು. ಯಾವ ಕ್ರೇಟು ಯಾರದೆಂದು ಹೇಳುವ ದಾರಿಯಿರಲಿಲ್ಲ. ಇಡೀ ಮಾಲು ಹಿಂದಿರುಗಿತು. ಮಂಡಿಯಲ್ಲಿ ಕೇಳಿದ ಬೆಲೆಗೆ ಕೊಟ್ಟರು. ತಮ್ಮನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಲೇಸಾಗಿತ್ತು.

ಆದುದರಿಂದ ಈ ಕೆಲಸಗಳನ್ನು ತಪ್ಪದೆ ಮಾಡಿರಿ:

1. ನಿಮ್ಮ ತೋಟವನ್ನು ತೋಟಗಾರಿಕೆ ಇಲಾಖೆಯ ಮೂಲಕ ನಿಮ್ಮ ಹೆಸರಿನಲ್ಲೇ ನೋಂದಾಯಿಸಿರಿ. ನಂಬರನ್ನು ಅಣ್ಣತಮ್ಮಂದಿರಿಗೂ ದಲ್ಲಾಳಿಗೂ ಎರವಲು ಕೊಡಬೇಡಿರಿ.

2. ಹಣ್ಣುನೊಣವು ಸಿಪ್ಪೆಯ ಕೆಳಗೆ ಮೊಟ್ಟೆಯಿಡುತ್ತದೆ. ಮೇಲ್ನೋಟಕ್ಕೆ ಹಣ್ಣು ಚೆನ್ನಾಗಿಯೇ ಕಾಣುತ್ತದೆ. ಮೀಥೈಲ್ ಯೂಜಿನಾಲ್ ಮೋಹಕ ಬಲೆ ಕಟ್ಟಿ ಗಂಡುನೊಣಗಳನ್ನು ಹಿಡಿಯಿರಿ. ಉದುರಿದ ಹಣ್ಣನ್ನು ಬಿಡದೆ ಆಯ್ದು ಆಳವಾಗಿ ಹೂಳಿರಿ. ಪ್ಯಾಕಿಂಗ್ ಮನೆಯಲ್ಲಿ 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಅದ್ದುವ ಉಪಚಾರವಿದೆ ಎಂದು ತೋಟದಲ್ಲಿ ಉದಾಸೀನ ಮಾಡಬಾರದು.

3. ಸಿಂಪಡಿಸಿದ ಔಷಧಿ, ತಾರೀಖು, ಕೊಯ್ಲಿನ ದಿನ, ತೂಕ ಇವನ್ನು ಅಂದಂದೇ ಬರೆದಿಡಿರಿ. ಗಾಡಿ ಹೊರಡುವ ಮುಂಚೆ ಕ್ರೇಟುಗಳ ಮೇಲೆ ನಿಮ್ಮ ತೋಟದ ನಂಬರನ್ನು ಕಣ್ಣಾರೆ ನೋಡಿರಿ.

ಬರೆಯಲು ಬಾರದವರು ಮಕ್ಕಳಿಂದ ಬರೆಸಿರಿ, ಇಲ್ಲವೇ ನನ್ನನ್ನು ಕರೆಯಿರಿ. ಈ ವರ್ಷ ನಾನು ಕಾಲಿಟ್ಟು ನೋಡದ ತೋಟದ ಲೆಕ್ಕವನ್ನು ಬರೆಯುವುದಿಲ್ಲ. ಹಾಗೆಂದರೆ ಯಾರೂ ಬೇಸರಪಡಬೇಡಿರಿ.