ಯಾವ ಮಣ್ಣಿಗೆ ಮರಳಬೇಕು?

(ವಿದ್ಯಾರ್ಥಿ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಪಟ್ಟಣದಿಂದ ಹಳ್ಳಿಗೆ ಮರಳುವವರ ಬಗ್ಗೆ ಮಾತಾಡು ಅಂತ ನನಗೆ ಹೇಳಿದ್ದಾರೆ. ಓದಿದವರು ವಾಪಸು ಬಂದರೆ ಹಳ್ಳಿ ಉದ್ಧಾರ ಆಗ್ತದೆ ಅಂತ ಈಗ ಎಲ್ಲರೂ ಹೇಳುವವರೇ. ಪೇಪರಿನಲ್ಲಿ ಫೋಟೋ ನೋಡಿರಬಹುದು. ಬೆಂಗಳೂರಿನ ಕೆಲಸ ಬಿಟ್ಟು ಬೆಳ್ತಂಗಡಿ ಕಡೆಯ ಅಪ್ಪನ ಅಡಿಕೆ ತೋಟಕ್ಕೆ ಬಂದವರು, ಮೂಡುಬಿದಿರೆಯ ಆಚೆ ಗುಡ್ಡ ಕಡಿದು ಹಣ್ಣಿನ ಗಿಡ ಇಟ್ಟವರು. ಮೇಲೆ ದಪ್ಪ ಅಕ್ಷರದಲ್ಲಿ 'ಮಣ್ಣಿಗೆ ಮರಳಿದ ಯುವಕ'. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ಫೋಟೋದಲ್ಲಿ ಹಿಂದೆ ಹಾರೆ ಹಿಡಿದು ಒಬ್ಬ ನಿಂತಿರ್ತಾನೆ. ಅಡಿಯಲ್ಲಿ ಅವನ ಹೆಸರು ಇರುವುದಿಲ್ಲ. ನಾನು ಅವನ ಕಡೆಯವನು.

ನಮ್ಮವರೂ ಮರಳಿ ಬಂದಿದ್ದರು. 2020ರಲ್ಲಿ. ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಬೀಗ ಬಿತ್ತು, ಮುಂಬಯಿಯ ಹೋಟೆಲುಗಳ ಬೆಂಕಿ ಆರಿತು. ನನ್ನ ದೊಡ್ಡಪ್ಪನ ಮಗ ಹದಿನಾರು ವರ್ಷದಿಂದ ಅಲ್ಲಿ ಚಾ ಮಾಡುವವ. ಮೇ 18ಕ್ಕೆ ರಾಜ್ಯ ಸರಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯ ತನಕ ಬಾಗಿಲು ಹಾಕಿತು. ಅದಕ್ಕೆ ಎರಡು ದಿನ ಮುಂಚೆ ಅಣ್ಣ ಗಡಿ ದಾಟಿದ್ದ. ಕ್ವಾರಂಟೈನಿಗೆ ಹಾಕಿದ್ದು ಎಲ್ಲಿಗೆ? ನೀವು ಈಗ ಇರುವಂಥ ಒಂದು ಸರಕಾರಿ ಹಾಸ್ಟೆಲಿಗೆ. "ಹನ್ನೆರಡು ವರ್ಷಕ್ಕೆ ಸೀಟು ಸಿಗದೆ ಶಾಲೆ ಬಿಟ್ಟವ ನಾನು, ಮೂವತ್ತೈದಕ್ಕೆ ಸಿಕ್ಕಿತು ನೋಡು" ಅಂತ ಫೋನಿನಲ್ಲಿ ನಗಾಡಿದ.

ಮನೆಗೆ ಬಂದ ಮೇಲೆ ನಗು ನಿಂತಿತು. ಬಂಟ್ವಾಳ ತಾಲೂಕಿನ ನಮ್ಮ ಕಾಲೊನಿಯಲ್ಲಿ ಅವರದ್ದು ಐದು ಸೆಂಟ್ಸ್ ಜಾಗ. ಅದರಲ್ಲೇ ಮನೆ, ಬಚ್ಚಲು, ಎರಡು ತೆಂಗು, ಮೂರು ಸಂಸಾರ. ಬೀಡಿ ಬ್ರಾಂಚು ಬಂದಾಗಿ ದೊಡ್ಡಮ್ಮನ ಮೊರ ಗೋಡೆಗೆ ಒರಗಿ ಕೂತಿತ್ತು. ನಾಲ್ಕನೇ ದಿನ ದೊಡ್ಡ ಮನೆಯಿಂದ ಹೇಳಿಕೆ ಬಂತು, ಅಡಿಕೆ ಗುಂಡಿ ತೋಡಲಿಕ್ಕೆ ಜನ ಬೇಕು ಅಂತ. ಅಣ್ಣ ಹೋದ. ಹತ್ತು ಗಂಟೆಗೆ ಚಾ ಬಂತು. ಒಳಗಿನವರಿಗೆ ಸ್ಟೀಲಿನ ಲೋಟದಲ್ಲಿ, ಇವನಿಗೆ ಅಂಗಳದ ತುದಿಯಲ್ಲಿ ಕಾಗದದ ಕಪ್ಪಿನಲ್ಲಿ. ಈಗ ತೆಂಗಿನ ಗೆರಟೆ ಇಲ್ಲ, ಕಾಗದದ ಕಪ್ಪು. ಕಾಲ ಮುಂದೆ ಹೋಗಿದೆ! ರಾತ್ರಿ ಅಣ್ಣ ನನ್ನತ್ರ ಹೇಳಿದ್ದು ಇಷ್ಟೆ: "ಅಲ್ಲಿ ದಿನಕ್ಕೆ ಸಾವಿರ ಜನ ನನ್ನ ಕೈಯ ಚಾ ಕುಡೀತಿದ್ರು ಮಾರಾಯ. ಯಾರೂ ನೀನು ಯಾರ ಪೈಕಿ ಅಂತ ಕೇಳಲಿಲ್ಲ."

1948ರ ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ನಿಂತು, ಹಳ್ಳಿಯನ್ನು ಹಾಡಿ ಹೊಗಳುವವರಿಗೆ ಅದರ ಅಜ್ಞಾನವನ್ನೂ ಸಣ್ಣತನವನ್ನೂ ಎತ್ತಿ ತೋರಿಸಿದರು. ಅವರು ಯಾಕೆ ಹಾಗಂದರು ಅಂತ ಪುಸ್ತಕ ಓದಿ ಬಿ.ಎ. ಪಾಸಾದ ನನಗಿಂತ ಆ ಕಾಗದದ ಕಪ್ಪು ಹಿಡಿದ ಅಣ್ಣನಿಗೆ ಚೆನ್ನಾಗಿ ಗೊತ್ತು.

ಹೋಗಿ ಬರುವುದು ನಮಗೆ ಹೊಸತಲ್ಲ. 1801ರಲ್ಲಿ ಈ ಸೀಮೆಯಲ್ಲಿ ತಿರುಗಿದ ಬುಕಾನನ್ ಎಂಬ ಬಿಳಿಯ ಇಲ್ಲಿಯ ಜೀತದಾಳುಗಳ ಬಗ್ಗೆ ಬರೆದಿಟ್ಟಿದ್ದಾನೆ. ಮೂಲದಾಳು ಅಂದರೆ ಭೂಮಿಯೊಟ್ಟಿಗೆ ಕೈ ಬದಲಾಗುವ ಮನುಷ್ಯ. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆಯಿತು, ಹೊಟ್ಟೆಗೆ ದಾರಿ ಕೊಡಲಿಲ್ಲ. ಆಮೇಲೆ ಕಾಫಿ ತೋಟಗಳು ಎದ್ದವು. ಕೊಯ್ಲು ಮುಗಿದ ಕೂಡಲೆ ಮೇಸ್ತ್ರಿಯ ಮುಂಗಡ ತಗೊಂಡು ಘಟ್ಟ ಹತ್ತುವುದು, ಮಳೆ ಹಿಡಿಯುವ ಮೊದಲು ಗದ್ದೆ ಕೆಲಸಕ್ಕೆ ಇಳಿದು ಬರುವುದು. ಮರಳಿ ಬಂದದ್ದು ಊರಿನ ಮೇಲಿನ ಪ್ರೀತಿಯಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲೂ ನಿಲ್ಲಲಿಕ್ಕೆ ಜಾಗ ಇರಲಿಲ್ಲ.

1974ರಲ್ಲಿ 'ಉಳುವವನೇ ಹೊಲದೊಡೆಯ' ಬಂತು. ಈ ಜಿಲ್ಲೆಯಲ್ಲಿ ಅದು ನಿಜವಾಗಿಯೂ ನಡೆಯಿತು. ಗೇಣಿದಾರರು ಒಡೆಯರಾದರು. ನಮ್ಮಲ್ಲೂ ಗೇಣಿ ಇದ್ದ ಕೆಲವರಿಗೆ ಸಿಕ್ಕಿತು, ಸುಳ್ಳು ಹೇಳಬಾರದು. ಆದರೆ ನಮ್ಮಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಆಳುಗಳು. ಕೆಸರಿನಲ್ಲಿ ಕೋಣದ ಹಿಂದೆ ನಿಜವಾಗಿ ಉತ್ತವನು ಕಾನೂನಿನ ಲೆಕ್ಕದಲ್ಲಿ 'ಉಳುವವ' ಆಗಲಿಲ್ಲ. ಇವತ್ತು ಮಣ್ಣಿಗೆ ಮರಳುವವನ ಅಪ್ಪನಿಗೆ ಮಣ್ಣು ಬಂದ ದಾರಿಯೂ, ಅಣ್ಣನ ಐದು ಸೆಂಟ್ಸೂ ಇಲ್ಲಿಂದಲೇ ಶುರು.

ಹಾಗಾದರೆ ನಮ್ಮದು ಅಂತ ಏನೂ ಇಲ್ಲವಾ? ಉಂಟು. ಇದನ್ನು ಹೇಳಲಿಕ್ಕೆಂದೇ ಬಂದದ್ದು. ಈ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 'ಡಿಪ್ರೆಸ್ಡ್ ಕ್ಲಾಸಿ'ನವರಿಗೆ ಅಂತ ಊರೂರುಗಳಲ್ಲಿ ಸರಕಾರ ಜಾಗ ಕಾದಿರಿಸಿತ್ತು. ಅದೇ ಡಿ.ಸಿ. ಮನ್ನಾ ಭೂಮಿ. ಡಿ.ಸಿ. ಅಂದ ಕೂಡಲೆ ಜಿಲ್ಲಾಧಿಕಾರಿ ಅಂತ ತಿಳಿಯುವವರುಂಟು; ಈ ಡಿ.ಸಿ. ನಾವು. ಕಾಗದದಲ್ಲಿ ಆ ಜಾಗ ನಮ್ಮ ಹೆಸರಿಗಿದೆ, ನೆಲದ ಮೇಲೆ ಎಷ್ಟೋ ಕಡೆ ಬೇರೆಯವರ ರಬ್ಬರು, ಅಡಿಕೆ. ಅದನ್ನು ಅಳತೆ ಮಾಡಿ ಭೂಮಿಯಿಲ್ಲದ ನಮ್ಮವರಿಗೆ ಹಂಚಿ ಅಂತ ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗ್ತಾ ಬಂದಿವೆ. ಸಭೆ ಆಗ್ತದೆ, ಅಳತೆ ಮುಂದೆ ಹೋಗ್ತದೆ.

2020ರಲ್ಲಿ ಅಣ್ಣನಿಗೂ ಉದ್ಯೋಗ ಖಾತ್ರಿಯ ಕಾರ್ಡು ಸಿಕ್ಕಿತು. ಆ ವರ್ಷ ಕೂಲಿ ದಿನಕ್ಕೆ 275 ರೂಪಾಯಿ, ಮನೆಗೆ ನೂರು ದಿನ. ನಮ್ಮವರಿಗೆ ಸ್ವಂತ ಜಾಗದಲ್ಲಿ ಬಾವಿ ತೋಡಲಿಕ್ಕೆ, ದನದ ಕೊಟ್ಟಿಗೆ ಕಟ್ಟಲಿಕ್ಕೆ ಅದರಲ್ಲಿ ಹಣ ಇತ್ತು. ಅಣ್ಣ ಕೇಳಿದ, "ಬಾವಿ ತೋಡಲಿಕ್ಕೆ ಕೈ ಉಂಟು, ಹಣವೂ ಉಂಟು. ಎಲ್ಲಿ ತೋಡ್ಲಿ, ಬಚ್ಚಲಲ್ಲಾ?" ಆವತ್ತೇ ನಾವಿಬ್ಬರೂ ಕೂತು ಊರಿನ ಡಿ.ಸಿ. ಮನ್ನಾ ಜಾಗದ ಬಗ್ಗೆ ಅರ್ಜಿ ಬರೆದೆವು. ಅವನು ಹೇಳಿದ್ದು, ನಾನು ಬರೆದದ್ದು. ನನ್ನ ಪದ್ಯಗಳನ್ನು ಈವರೆಗೆ ಯಾರೂ ಅಷ್ಟು ಹೊತ್ತು ಹಿಡಿದು ಓದಲಿಲ್ಲ, ಆ ಅರ್ಜಿಯನ್ನು ಕಚೇರಿಯಲ್ಲಿ ಮೂವರು ಓದಿದರು. ಸರ್ವೆ ನಂಬರು ನಿಮಗೆ ಹೇಳಿಕೊಟ್ಟದ್ದು ಯಾರು ಅಂತ ಕೇಳಿದರು.

ಈ ಪ್ರಶ್ನೆ ಸಣ್ಣದಲ್ಲ. ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಮಲೆಕುಡಿಯ ಹುಡುಗನೊಬ್ಬ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ. 2012ರ ಮಾರ್ಚಿನಲ್ಲಿ ಅವನನ್ನೂ ಅವನ ತಂದೆಯನ್ನೂ ನಕ್ಸಲರ ನಂಟು ಅಂತ ಹಿಡಿದರು. ಹಾಸ್ಟೆಲ್ ಕೋಣೆಯ ಪುಸ್ತಕಗಳು, ಊರಿಗೆ ಸೌಕರ್ಯ ಕೇಳಿದ ಪತ್ರ, ಇವೇ ಸಾಕ್ಷಿ. ಇಬ್ಬರೂ ನಿರ್ದೋಷಿಗಳು ಅಂತ ನ್ಯಾಯಾಲಯ ಹೇಳುವಾಗ 2021ರ ಅಕ್ಟೋಬರ್. ಓದಿ ಊರಿಗೆ ಮರಳಿ ಅಂತ ನಮಗೆ ಉಪದೇಶ ಮಾಡುವವರು ಆ ಒಂಬತ್ತೂವರೆ ವರ್ಷದ ಲೆಕ್ಕವನ್ನೂ ಹೇಳಬೇಕು.

ಹೆದರಿಸಲಿಕ್ಕೆ ಹೇಳಿದ್ದಲ್ಲ. ಒಬ್ಬನೇ ಹೋಗಬೇಡಿ ಅಂತ ಹೇಳಿದೆ. ರಜೆಗೆ ಊರಿಗೆ ಹೋದಾಗ ನಾಲ್ಕು ಜನ ಒಟ್ಟಾಗಿ ಹೋಗಿ ಪಹಣಿ ತೆಗೆಸಿ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರು, ಹನ್ನೆರಡನೆಯದರಲ್ಲಿ ಯಾರ ಸಾಗುವಳಿ, ಎರಡನ್ನೂ ಓದಿ. ಅಜ್ಜಂದಿರ ಹತ್ತಿರ ಕೂತು ಕೇಳಿ, ಜಾಗದ ಗಡಿ ಯಾವ ಮರದಿಂದ ಯಾವ ತೋಡಿನ ತನಕ ಅಂತ. ಅವರಿದ್ದಾಗಲೇ ಬರೆದಿಟ್ಟುಕೊಳ್ಳಿ.

ಅಣ್ಣ 2021ರಲ್ಲಿ ಮುಂಬಯಿಗೆ ತಿರುಗಿ ಹೋದ. ಹೋಗುವಾಗ ಅರ್ಜಿಯ ಸ್ವೀಕೃತಿ ಚೀಟಿ ನನ್ನ ಕೈಗೆ ಕೊಟ್ಟ. ಅಳತೆ ಇನ್ನೂ ಆಗಿಲ್ಲ. ತಿಂಗಳಿಗೊಮ್ಮೆ ಫೋನು ಮಾಡಿ ಕೇಳ್ತಾನೆ, ಸರ್ವೆಯವರು ಬಂದ್ರಾ ಅಂತ. ಬರುವ ಸೋಮವಾರ ನಾವು ಏಳು ಮಂದಿ ಮತ್ತೆ ಕಚೇರಿಗೆ ಹೋಗ್ತೇವೆ. ಬರುವವರು ಬೆಳಿಗ್ಗೆ ಒಂಬತ್ತಕ್ಕೆ ಬಿ.ಸಿ. ರೋಡಿನಲ್ಲಿ ಸೇರಿ. ಮನೆಯಲ್ಲಿ ಹಳೇ ಪಹಣಿ, ಹಳೇ ರಶೀದಿ ಏನಾದರೂ ಇದ್ದರೆ ಹಿಡ್ಕೊಂಡು ಬನ್ನಿ.